ಕಸವಿಲ್ಲದವನ ಬಕೆಟ್

ಒಬ್ಬ ಮನುಷ್ಯ ಎಂಥವನೆಂದು ತಿಳಿಯಬೇಕಾದರೆ ಅವನ ಮನೆಯ ಕಸವನ್ನು ನೋಡಬೇಕು. ಗಂಭೀರವಾದ ಮಾತು. ಮೊನ್ನೆ ಹಲ್ಲುಜ್ಜುವಾಗ ನನಗೇ ಹೊಳೆದದ್ದು. ಬರೆದಿಟ್ಟುಕೊಳ್ಳೋಣವೆಂದು ಪೆನ್ನು ಹುಡುಕಿದೆ. ಪೆನ್ನು ಸಿಗುವಷ್ಟರಲ್ಲಿ ಇನ್ನೊಂದು ವಿಷಯವೂ ಹೊಳೆಯಿತು: ಈ ಸಿದ್ಧಾಂತದ ಪ್ರಕಾರ ನಾನು ಇಲ್ಲ.

ಯಾಕೆಂದರೆ ನನಗೆ ಕಸ ಇಲ್ಲ.

ಅಹಂಕಾರದಿಂದ ಹೇಳುತ್ತಿಲ್ಲ. ಈ ಅಂಕಣದ ಹಳೆಯ ಓದುಗರಿಗೆ ನನ್ನ ಸಂಸಾರದ ವಿವರ ಗೊತ್ತು. ಕೊಂಕಣಿ ಸೀಮೆಯ ಮಡ್ಕಯಿಯಲ್ಲಿ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಇದ್ದೆ. ಈಗ ಫೋಂಡಾದ ಹೌಸಿಂಗ್ ಸೊಸೈಟಿಯೊಂದರ ಮೂರನೇ ಮಹಡಿಯಲ್ಲಿದ್ದೇನೆ. ಮದುವೆಯ ವಿಷಯ ಇನ್ನೂ ಯೋಚಿಸುತ್ತಿದ್ದೇನೆ (ವಯಸ್ಸು ಅರವತ್ತೇಳು, ಅವಸರದ ನಿರ್ಧಾರ ನನಗೆ ಆಗದು). ಎರಡು ಹೊತ್ತಿನ ಊಟ ನಮ್ಮ ಕಡೆಯವರ ಖಾನಾವಳಿಯಿಂದ ಡಬ್ಬಿಯಲ್ಲಿ ಬರುತ್ತದೆ. ಜೋಳದ ರೊಟ್ಟಿ ಚೆಲ್ಲುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲವಾದ್ದರಿಂದ ಡಬ್ಬಿ ತೊಳೆದಿಟ್ಟಂತೆ ವಾಪಸು ಹೋಗುತ್ತದೆ. ಮನೆಯಲ್ಲಿ ನಾನು ಮಾಡುವುದು ಚಹಾ ಒಂದೇ.

ಹೀಗಿರುವಾಗ ನಮ್ಮ ಸೊಸೈಟಿಗೆ ಗೊಬ್ಬರ ಬಂತು.

ಬಂತು ಎಂದರೆ, ಗೊಬ್ಬರ ಮಾಡುವ ವಿಚಾರ ಬಂತು. ಸೆಕ್ರೆಟರಿ ಶಿರೋಡಕರ್ ನಿವೃತ್ತ ಸರ್ವೇಯರ್. ಕೈಯಲ್ಲಿ ಟೇಪು ಹಿಡಿದೇ ಹುಟ್ಟಿದವರು. ಕಟ್ಟಡದ ಹಿಂದೆ ಹಲಸಿನ ಮರದ ಕೆಳಗೆ ಅಳತೆ ಮಾಡಿ ಇಟ್ಟಿಗೆಯ ಮೂರು ತೊಟ್ಟಿ ಕಟ್ಟಿಸಿದರು. ಮೇಲೆ ತಗಡಿನ ಮಾಡು. ಪಕ್ಕದಲ್ಲಿ ಒಣ ಎಲೆಗಳ ರಾಶಿ. ಒಂದು ದಿನ ಐಸ್‌ಕ್ರೀಮಿನ ಡಬ್ಬದಲ್ಲಿ ಎರೆಹುಳಗಳೂ ಬಂದಿಳಿದವು. ಇಪ್ಪತ್ನಾಲ್ಕು ಫ್ಲಾಟಿನವರೂ ಹೊಸ ಸೊಸೆಯನ್ನು ನೋಡುವಂತೆ ಬಗ್ಗಿ ಬಗ್ಗಿ ನೋಡಿದೆವು.

ನಿಯಮ ಸರಳ. ಅಡುಗೆಮನೆಯ ಹಸಿ ಕಸವನ್ನು ಒಂದು ಮುಚ್ಚಳದ ಬಕೆಟ್‌ನಲ್ಲಿ ಹಾಕಬೇಕು. ಬೆಳಿಗ್ಗೆ ಏಳರಿಂದ ಏಳೂವರೆಯೊಳಗೆ ಮನೆಯವರೇ ಖುದ್ದಾಗಿ ಕೆಳಗೆ ತಂದು ತೊಟ್ಟಿಯ ಪಕ್ಕದಲ್ಲಿ ಸಾಲಾಗಿ ಇಡಬೇಕು. ಆಮೇಲೆ ನೀಲವ್ವ ಒಂದೊಂದೇ ಬಕೆಟ್ ತೆರೆದು, ಚಮಚ ಪ್ಲಾಸ್ಟಿಕ್ಕು ಆರಿಸಿ ತೆಗೆದು, ತೊಟ್ಟಿಗೆ ಸುರಿದು, ಮೇಲೆ ಒಣ ಎಲೆ ಮುಚ್ಚುತ್ತಾಳೆ. ಉಳಿದ ನಿಯಮಗಳು ಲಿಫ್ಟಿನ ಪಕ್ಕ ಎರಡು ಪುಟದ ನೋಟಿಸಿನಲ್ಲಿದ್ದವು. ನಾನು ಓದಲಿಲ್ಲ. ಮೂವತ್ತೊಂದು ವರ್ಷ ನೋಟಿಸ್ ಬರೆದವನು ನೋಟಿಸ್ ಓದುವುದಿಲ್ಲ. ಒಳಗೇನಿರುತ್ತದೆಂದು ಅವನಿಗೆ ಗೊತ್ತಿದೆಯೆಂದು ಅವನ ನಂಬಿಕೆ.

ನೀಲವ್ವ ಸಿಂದಗಿ ಕಡೆಯವಳು. ಗಂಡ ಮಡ್ಕಯಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲಾರಿ ತುಂಬುತ್ತಾನೆ. ಇವಳು ಬೆಳಗಿನ ಮೊದಲ ಬಸ್ಸಿಗೆ ಬಂದು ನಮ್ಮ ಎದುರಿನ ಅಂಗಡಿ ಸಾಲಿನ ಕಸ ಗುಡಿಸಿ, ನಂತರ ನಮ್ಮ ಮೆಟ್ಟಿಲು ಒರೆಸಿ, ಈಗ ಗೊಬ್ಬರದ ಕೆಲಸವನ್ನೂ ಹಿಡಿದಿದ್ದಳು. ಕೊಂಕಣಿ ಕೆಲಸಕ್ಕೆ ಬೇಕಾದಷ್ಟು ಬರುತ್ತದೆ: ನೀರು, ನಾಳೆ, ಬೇಡ, ಆಯಿತು. ಅದಕ್ಕಿಂತ ಉದ್ದದ ವಿಷಯವಿದ್ದರೆ ನನಗೆ ಕರೆ ಬರುತ್ತದೆ. ಅವಳ ಕನ್ನಡವನ್ನು ಸೊಸೈಟಿಗೆ, ಸೊಸೈಟಿಯ ಕೊಂಕಣಿಯನ್ನು ಅವಳಿಗೆ ತಲುಪಿಸುವ ಗೌರವ ಹುದ್ದೆ ನನ್ನದು. ಈ ವಿಷಯ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಉದ್ಘಾಟನೆಯ ದಿನ ಶಿರೋಡಕರ್ ಎಲ್ಲ ಬಕೆಟ್‌ಗಳ ಮುಚ್ಚಳ ತೆಗೆಸಿ ತಪಾಸಣೆ ನಡೆಸಿದರು. ಒಂದರಲ್ಲಿ ತೊಂಡೆಕಾಯಿಯ ತೊಟ್ಟು, ಇನ್ನೊಂದರಲ್ಲಿ ಹಿಂಡಿದ ಕಾಯಿತುರಿ, ಮತ್ತೊಂದರಲ್ಲಿ ದೇವರ ದಾಸವಾಳ. ಒಂದು ಬಕೆಟ್ ನೋಡಿದರೆ ಆ ಮನೆಯಲ್ಲಿ ಯಾರಿದ್ದಾರೆ, ನಿನ್ನೆ ಯಾರು ಬಂದಿದ್ದರು, ಯಾರು ಬದನೆಕಾಯಿ ತಿನ್ನದೆ ಎದ್ದು ಹೋದರು, ಎಲ್ಲವೂ ಗೊತ್ತಾಗುವಂತಿತ್ತು. ನನ್ನ ಸರದಿ ಬಂತು. ಬಕೆಟ್ಟಿನ ತಳದಲ್ಲಿ ಎರಡು ಚಮಚದಷ್ಟು ಚಹಾದ ಗಸಿ ಅಂಟಿಕೊಂಡಿತ್ತು.

ಎರಡನೇ ಮಹಡಿಯ ದುಲ್ಸೀನ್ ಆಂಟಿ ಬಗ್ಗಿ ನೋಡಿ, "ಇತ್ಲೆಂಚ್?" ಅಂದರು. ಇಷ್ಟೇನಾ ಎಂದರ್ಥ.

ಇಷ್ಟೇ.

ಶಿರೋಡಕರ್ ಒಳ್ಳೆಯ ಮನುಷ್ಯ. ನನಗೆ ಮುಜುಗರವಾಗಬಾರದೆಂದು ಅಲ್ಲೇ ಒಂದು ರಿಯಾಯಿತಿ ಘೋಷಿಸಿದರು. ಸಿಂಗಲ್ ಪರ್ಸನ್ ದಿನಾ ಇಳಿದು ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ, ವಾರಕ್ಕೊಮ್ಮೆ ಬುಧವಾರ ತಂದರೆ ಸಾಕು. ಎಲ್ಲರೂ ತಲೆಯಾಡಿಸಿದರು. ನಾನೂ ಥ್ಯಾಂಕ್ಸ್ ಹೇಳಿದೆ. ಮನುಷ್ಯನನ್ನು ಗಡಿಪಾರು ಮಾಡುವಾಗಲೂ ಇಷ್ಟು ಸೌಜನ್ಯದಿಂದ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಗಡಿಪಾರು ಯಾಕೆ ಅಂತೀರಾ? ಮರುದಿನವೇ ತಿಳಿಯಿತು.

ಬೆಳಿಗ್ಗೆ ಏಳಕ್ಕೆ ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತಿದ್ದೆ. ಕೆಳಗೆ ಬಕೆಟ್‌ಗಳು ಬರುತ್ತಿದ್ದವು. ಬಕೆಟ್ ಇಡಲು ಅರ್ಧ ನಿಮಿಷ ಸಾಕು. ಆದರೆ ಯಾರೂ ವಾಪಸು ಹೋಗುತ್ತಿಲ್ಲ. ಎಷ್ಟೋ ವರ್ಷದಿಂದ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಮಹಡಿಯ ನಂಬರನ್ನೇ ನೋಡುತ್ತ ನಿಲ್ಲುತ್ತಿದ್ದ ಜನ, ಈಗ ಕೊಳೆತ ತರಕಾರಿಯ ಸುತ್ತ ನಿಂತು ಮಾತಾಡುತ್ತಿದ್ದಾರೆ. ಮಧ್ಯೆ ಮಧ್ಯೆ ನಗು. ಆ ನಗು ಮೂರನೇ ಮಹಡಿಯವರೆಗೆ ಬರುತ್ತಿತ್ತು. ಕಾರಣ ಬರುತ್ತಿರಲಿಲ್ಲ.

ಬಕೆಟ್ ಇಲ್ಲದೆ ಸುಮ್ಮನೆ ಇಳಿದು ಹೋಗಬಹುದಿತ್ತಲ್ಲ? ನೀವೂ ಕೇಳುತ್ತೀರಿ, ನಾನೂ ಕೇಳಿಕೊಂಡೆ. ಒಂದು ದಿನ ಹೋದೆ ಕೂಡ. ಎಲ್ಲರೂ ಮಾತು ನಿಲ್ಲಿಸಿ, ಏನಾದರೂ ಬೇಕಿತ್ತೇ ಎಂಬಂತೆ ನೋಡಿದರು. ಏನಿಲ್ಲ, ವಾಕಿಂಗ್ ಅಂದೆ. ಅಂದಮೇಲೆ ನಡೆಯಬೇಕಾಯಿತು. ಎರಡು ಸುತ್ತು ನಡೆದು ಮೇಲೆ ಬಂದೆ.

ಟೈಮ್ ಆಫೀಸಿನ ಕಿಟಕಿಯಲ್ಲಿ ಕೂತವನಿಗೆ ಈ ಕಷ್ಟವಿರಲಿಲ್ಲ. ಪಾಳಿಗೆ ಬರುವ ಪ್ರತಿಯೊಬ್ಬನೂ ನನ್ನ ಮುಂದೆ ಹಾದೇ ಹೋಗಬೇಕು. ತಡವಾದವನು ನೆಪ ಹೇಳಬೇಕು. ದಿನಕ್ಕೆ ಹತ್ತಾರು ಸುಳ್ಳು ಕೇಳುತ್ತಿದ್ದೆ, ಎಲ್ಲವೂ ನನಗೆಂದೇ ತಯಾರಾದವು. ರಿಟೈರ್ ಆದಮೇಲೆ ನನಗೆ ಸುಳ್ಳು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಆದ್ದರಿಂದ ಕಸ ಉತ್ಪಾದಿಸಲು ತೀರ್ಮಾನಿಸಿದೆ.

ದಿನಕ್ಕೆ ಐದು ಸಲ ಚಹಾ ಕುಡಿದೆ. ನಿದ್ದೆ ಹೋಯಿತು, ಬಕೆಟ್ ತುಂಬಲಿಲ್ಲ. ಸೌತೆಕಾಯಿ ತಂದು ಸಿಪ್ಪೆ ದಪ್ಪಗೆ ಹೆರೆದೆ. ತಿನ್ನುವ ಭಾಗ ಕಡಿಮೆಯಾಯಿತೇ ಹೊರತು ಬಕೆಟ್ ಹಾಗೇ. ಒಂಟಿ ಮನುಷ್ಯ ಎಷ್ಟು ಪ್ರಾಮಾಣಿಕವಾಗಿ ದುಡಿದರೂ ಒಂದು ಕುಟುಂಬದ ಕಸ ಮಾಡಲಾರ. ಇದು ಅನುಭವದ ಮಾತು.

ಎದುರಿನ ಅಂಗಡಿ ಸಾಲಿನಲ್ಲಿ ರಾಜೇಸಾಬನ ಜ್ಯೂಸಿನ ಗಾಡಿಯಿದೆ. ಬಾಗಲಕೋಟೆ ಕಡೆಯವನು. ಬೇಸಿಗೆ ಶುರುವಾಗಿತ್ತು. ಸಂಜೆಯ ಹೊತ್ತಿಗೆ ಗಾಡಿಯ ಕೆಳಗೆ ಮೋಸಂಬಿ ಸಿಪ್ಪೆಯ ಗುಡ್ಡ. ಒಂದು ಸಂಜೆ ಚೀಲ ಹಿಡಿದು ಹೋಗಿ, ಸಿಪ್ಪೆ ಬೇಕಿತ್ತು ಅಂದೆ.

ಅವನು ಮಿಕ್ಸರ್ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಜ್ಯೂಸ್ ಬಿಟ್ಟು ಸಿಪ್ಪಿ ಕೇಳಾವ್ರು ನೀವ ಮೊದಲ್ನೇದವ್ರ ನೋಡ್ರಿ, ಸಾಹೇಬ್ರ."

ಗಿಡಕ್ಕೆ ಅಂದೆ. ಅವನು ನಂಬಿದ. ಅಥವಾ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ನಂಬಿದವನಂತೆ ಚೀಲ ತುಂಬಿದ.

ಮರುದಿನ ಏಳಕ್ಕೆ ಸರಿಯಾಗಿ ನನ್ನ ಬಕೆಟ್ ಕೆಳಗಿಳಿಯಿತು. ಮುಚ್ಚಳ ಭದ್ರ. ಶಿರೋಡಕರ್ ಅಭ್ಯಾಸಬಲದಿಂದ ಅದನ್ನೊಮ್ಮೆ ಎತ್ತಿ ನೋಡಿದರು. ಹುಬ್ಬು ಮೇಲೇರಿತು. ಮನೆಗೆ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಇಲ್ಲ, ಡಾಕ್ಟರ್ ಹಣ್ಣು ತಿನ್ನಲು ಹೇಳಿದ್ದಾರೆ ಅಂದೆ.

ಎಂಥ ಮಾತು ಹೇಳಿದೆ ನೋಡಿ. ಆ ಒಂದು ಮಾತಿಗೆ ನನ್ನ ಸುತ್ತ ಆರು ಜನ ಸೇರಿದರು. ಯಾವ ಡಾಕ್ಟರ್? ಶುಗರ್ ಇದೆಯೇ? ಹಣ್ಣು ಊಟಕ್ಕೆ ಮುಂಚೆಯೋ ನಂತರವೋ? ದುಲ್ಸೀನ್ ಆಂಟಿ ತಮ್ಮ ದಿವಂಗತ ಗಂಡನ ಹೊಟ್ಟೆಯ ಇತಿಹಾಸವನ್ನು ಮೊದಲಿನಿಂದ ಹೇಳಿದರು. ನಾನು ಇಪ್ಪತ್ತು ನಿಮಿಷ ನಿಂತೆ. ಮೇಲೆ ಬಂದಾಗ ಚಹಾ ಆರಿ ತಣ್ಣಗಾಗಿತ್ತು. ತಣ್ಣಗಿನ ಚಹಾ ಅಷ್ಟು ರುಚಿಯೆಂದು ಅಂದೇ ತಿಳಿದದ್ದು.

ಐದು ವಾರ ಹೀಗೆ ನಡೆಯಿತು. ಸೋಮವಾರ ಗುರುವಾರ ಯಾರ ಮನೆಯಲ್ಲಿ ಮೀನಿಲ್ಲ, ಯಾರ ಮನೆಯ ಬಂಗಡೆಯ ತಲೆ ಯಾವ ಬೆಕ್ಕಿಗೆ ಸಲ್ಲುತ್ತದೆ, ಎಲ್ಲ ನನಗೆ ಗೊತ್ತಾಯಿತು (ಮೀನಿನ ಅವಶೇಷಕ್ಕೆ ತೊಟ್ಟಿಯಲ್ಲಿ ಪ್ರವೇಶವಿಲ್ಲ, ಈ ನಿಯಮಕ್ಕೆ ಬೆಕ್ಕುಗಳ ಬೆಂಬಲವಿತ್ತು). ಮೀನನ್ನೇ ಮುಟ್ಟದ ನಾನು ಇಸ್ವಣ ಯಾವಾಗ ಚೆನ್ನಾಗಿರುತ್ತದೆಂದು ಅಭಿಪ್ರಾಯ ಕೊಡುವ ಮಟ್ಟಕ್ಕೆ ಬಂದೆ. ಎಲ್ಲರೂ ಹೋದಮೇಲೆ ನೀಲವ್ವನ ಹತ್ತಿರ ಐದು ನಿಮಿಷ ಊರ ಮಾತು. ಅಲ್ಲಿ ಮಳಿ ಆತೋ ಇಲ್ಲೋ, ಅಕ್ಕನ ಮಗಳಿಗೆ ವರ ಸಿಕ್ಕಿತೋ ಇಲ್ಲೋ. ಅವಳು ಮಾತಾಡುತ್ತಲೇ ಬಕೆಟ್ ತೆರೆಯುತ್ತಿದ್ದಳು. ನನ್ನದನ್ನು ಮಾತ್ರ ಯಾವಾಗಲೂ ಕೊನೆಗೆ, ನಾನು ಮೆಟ್ಟಿಲು ಹತ್ತಿದಮೇಲೆ ತೆರೆಯುತ್ತಿದ್ದಳು. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಅಕ್ಕನ ಮಗಳಿಗೆ ವರ ಸಿಕ್ಕ. ಮದುವೆಗೆಂದು ನೀಲವ್ವ ಹನ್ನೆರಡು ದಿನ ರಜೆ ಹಾಕಿ ಊರಿಗೆ ಹೋದಳು. ಗೊಬ್ಬರದ ಉಸ್ತುವಾರಿ ವಾಚ್‌ಮನ್‌ಗೆ ಬಂತು. ಅವನದು ನೇರ ಮಾರ್ಗ. ಇಪ್ಪತ್ನಾಲ್ಕು ಮುಚ್ಚಳ ತೆಗೆದ, ಇಪ್ಪತ್ನಾಲ್ಕು ಬಕೆಟ್ ಬೋರಲು ಹಾಕಿದ, ಮುಗಿಯಿತು.

ಒಂಬತ್ತನೇ ದಿನ ತೊಟ್ಟಿಯಿಂದ ಹುಳಿ ವಾಸನೆ ಎದ್ದಿತು. ಸಣ್ಣ ನೊಣಗಳು ಮೋಡದ ಹಾಗೆ ಕವಿದವು. ಹತ್ತನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎರೆಹುಳಗಳು ಇಟ್ಟಿಗೆಯ ಗೋಡೆ ಹತ್ತಿ ಹೊರಗೆ ಹೊರಟಿದ್ದವು. ಒಂದರ ಹಿಂದೆ ಒಂದು, ಯಾವ ಗಲಾಟೆಯೂ ಇಲ್ಲದೆ. ಕೆಲವು ಬಿಸಿಲಿಗೆ ಬಿದ್ದು ಒಣಗಿ ದಾರದ ತುಂಡಿನಂತಾಗಿದ್ದವು. ಅಂದು ಯಾರೂ ನಗಲಿಲ್ಲ.

ಶಿರೋಡಕರ್ ಸರ್ವೇ ಶುರು ಮಾಡಿದರು. ಕೋಲಿನಿಂದ ತೊಟ್ಟಿ ಕೆದಕಿದಾಗ ಅರ್ಧ ಕೊಳೆತ ಮೋಸಂಬಿ ಸಿಪ್ಪೆ ಬುಟ್ಟಿಗಟ್ಟಲೆ ಎದ್ದು ಬಂತು. ನೋಟಿಸಿನ ಎರಡನೇ ಪುಟದ ನಾಲ್ಕನೇ ನಿಯಮವನ್ನು ಅವರು ಎಲ್ಲರೆದುರು ಗಟ್ಟಿಯಾಗಿ ಓದಿದರು: ನಿಂಬೆ, ಮೋಸಂಬಿ, ಕಿತ್ತಳೆ ಸಿಪ್ಪೆ ಹೆಚ್ಚು ಹಾಕಬಾರದು, ಹುಳಿಗೆ ಹುಳ ನಿಲ್ಲುವುದಿಲ್ಲ. ಆ ನೋಟಿಸಿನ ಒಂದು ನಿಯಮವನ್ನು ನಾನು ಮೊದಲ ಸಲ ಪೂರ್ತಿ ಕೇಳಿದೆ. ಚೆನ್ನಾಗಿ ಬರೆದಿದ್ದರು.

ನನ್ನ ಡಾಕ್ಟರ್ ಹೇಳಿದ ಹಣ್ಣನ್ನು ಲೆಕ್ಕಕ್ಕೆ ಹಿಡಿದರೂ ಇಷ್ಟು ಸಿಪ್ಪೆ ಯಾವ ಮನೆಯಿಂದಲೂ ಬರಲು ಸಾಧ್ಯವಿಲ್ಲ, ಹೊರಗಿನದೇ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ವಾಚ್‌ಮನ್ ತೊಟ್ಟಿಯ ಹಿಂದಿನಿಂದ ಒಂದು ಗೋಣಿಚೀಲ ಎಳೆದು ತಂದ. ಬಿಚ್ಚಿದರೆ ಬರೀ ಮೋಸಂಬಿ ಸಿಪ್ಪೆ, ಚೆನ್ನಾಗಿ ಒಣಗಿಸಿದ್ದು. ಚೀಲ ನೀಲವ್ವನದು.

ಅವಳು ಗುಡಿಸುವ ಅಂಗಡಿ ಸಾಲಿನಲ್ಲಿ ಜ್ಯೂಸಿನ ಗಾಡಿ ಇದೆಯಲ್ಲ? ಅಲ್ಲಿಯ ಕಸವನ್ನು ದೂರ ಹೊರುವ ಬದಲು ನಮ್ಮ ತೊಟ್ಟಿಗೆ ತಂದು ಸುರಿದಿದ್ದಾಳೆ. ಹೊಂದಿಸಿ ನೋಡಿದರೆ ಎಲ್ಲವೂ ಸರಿಯಾಗಿತ್ತು. ಅವಳನ್ನು ತೆಗೆದು ಬೇರೆಯವರನ್ನು ಇಡುವುದೆಂದು ಆರು ಜನ ಅಲ್ಲೇ ಹೇಳಿಬಿಟ್ಟರು. ಆದರೂ ಕೇಳದೆ ತೆಗೆಯುವುದು ನ್ಯಾಯವಲ್ಲ ಎಂದರು ಶಿರೋಡಕರ್. ಭಾನುವಾರ ಹತ್ತಕ್ಕೆ ಪಾರ್ಕಿಂಗಿನಲ್ಲಿ ಮೀಟಿಂಗ್. ದುಭಾಷಿಯಾಗಿ ನಾನು ತಪ್ಪದೆ ಬರಬೇಕು.

ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಉತ್ತರ ಚಿಕ್ಕದು, ಹೇಸಿಗೆಯದು: ಮರುದಿನವೂ ಏಳಕ್ಕೆ ಕೆಳಗೆ ಹೋಗಬೇಕೆಂಬ ಆಸೆಯಿತ್ತು.

ಭಾನುವಾರ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಮಧ್ಯದಲ್ಲಿ ಸಾಕ್ಷಿಯಾಗಿ ಗೋಣಿಚೀಲ. ಹಿಂದಿನ ರಾತ್ರಿಯ ಬಸ್ಸಿಗೆ ಬಂದಿಳಿದಿದ್ದ ನೀಲವ್ವನ ಕೈಯಲ್ಲಿ ಹೊಸ ಹಸಿರು ಬಳೆಗಳಿದ್ದವು. ನನಗೆಂದು ಮದುವೆಯ ಬುಂದೆಲಾಡು ತಂದಿದ್ದಳು. ಅದನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

ಶಿರೋಡಕರ್ ಆರೋಪವನ್ನು ಕೊಂಕಣಿಯಲ್ಲಿ ಹೇಳಿದರು. ನಾನು ಕನ್ನಡ ಮಾಡಿದೆ. ನನ್ನ ಧ್ವನಿ ಬೇರೆ ಯಾರದೋ ಹಾಗೆ ಕೇಳಿಸುತ್ತಿತ್ತು. ಅವಳು ಪೂರ್ತಿ ಕೇಳಿಕೊಂಡಳು. ಚೀಲ ನೋಡಿದಳು. ನನ್ನನ್ನು ನೋಡಲಿಲ್ಲ.

"ಸರ, ನಾ ತಂದಿಲ್ಲಂತ ಹೇಳ್ರಿ," ಅಂದಳು. ಆಮೇಲೆ ದನಿ ಇಳಿಸಿ, "ಬ್ಯಾರೇದ್ದೇನೂ ಹೇಳಾಕ ಹೋಗಬ್ಯಾಡ್ರಿ. ಹೋದ್ರ ನಂದೊಂದು ಕೆಲ್ಸ ಹೋಗ್ತೈತಿ."

ಅವಳು ತರಲಿಲ್ಲವಂತೆ ಎಂದು ನಾನು ಕೊಂಕಣಿಯಲ್ಲಿ ಹೇಳಿದೆ.

ಶಿರೋಡಕರ್ ಕನ್ನಡಕದ ಮೇಲಿಂದ ನೋಡಿದರು. ಅಳತೆಯ ಮನುಷ್ಯ ಎಂದು ಹೇಳಿದೆನಲ್ಲ. ಅವಳು ಹೇಳಿದ್ದು ಇಷ್ಟು ಚಿಕ್ಕದಾಗಿರಲಿಲ್ಲ, ಉಳಿದದ್ದೆಲ್ಲಿ ಎಂದು ಕೇಳಿದರು.

ಟೈಮ್ ಆಫೀಸಿನ ಕಿಟಕಿಯಲ್ಲಿ ತಡವಾಗಿ ಬಂದವನ ಮುಖ ಹೇಗಿರುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು. ನೆಪವನ್ನು ಹುಡುಕುತ್ತಿರುವಾಗ ಅವನ ಕಣ್ಣು ಒಂದು ಕ್ಷಣ ಗೋಡೆಯ ಗಡಿಯಾರಕ್ಕೆ ಹೋಗುತ್ತಿತ್ತು. ಪಾರ್ಕಿಂಗಿನಲ್ಲಿ ಗಡಿಯಾರವಿರಲಿಲ್ಲ. ನಾನು ಗೋಣಿಚೀಲವನ್ನು ನೋಡಿದೆ.

ಆಮೇಲೆ ಉಳಿದದ್ದನ್ನೂ ಅನುವಾದ ಮಾಡಿದೆ. ಅವಳು ಹೇಳಿದ ಮಾತನ್ನು, ಅದರ ಹಿಂದಿನದನ್ನು, ರಾಜೇಸಾಬನ ಗಾಡಿಯನ್ನು, ಚೀಲವನ್ನು. ಆ ಬಕೆಟ್ ನನ್ನದು, ಒಳಗಿದ್ದ ಕಸ ನನ್ನದಲ್ಲ, ನನ್ನ ಮನೆಯಲ್ಲಿ ಕಸ ಆಗುವುದಿಲ್ಲ ಅಂದೆ. ಈ ಕೊನೆಯ ವಾಕ್ಯ ಕೊಂಕಣಿಯಲ್ಲಿ ಹೇಳುವಾಗ ವ್ಯಾಕರಣ ತಪ್ಪಿತು. ಯಾರೂ ತಿದ್ದಲಿಲ್ಲ.

ದುಲ್ಸೀನ್ ಆಂಟಿ ಕೇಳಿದರು: "ಮತ್ತೆ ಡಾಕ್ಟರ್?"

ಡಾಕ್ಟರೂ ಇಲ್ಲ ಅಂದೆ.

ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಗಂಡನ ಹೊಟ್ಟೆಯ ವಿಷಯ ಅಷ್ಟೊಂದು ಹೇಳಿಬಿಟ್ಟದ್ದು ಅವರಿಗೆ ನೆನಪಾಗಿರಬೇಕು.

ನಿರ್ಣಯ ಬರೆಯಲಾಯಿತು. ಹೊರಗಿನ ಕಸ ತರುವಂತಿಲ್ಲ. ನೀಲವ್ವ ಕೆಲಸದಲ್ಲಿ ಮುಂದುವರಿಯತಕ್ಕದ್ದು. ನನ್ನ ಫ್ಲಾಟಿಗೆ ವಾರಕ್ಕೊಮ್ಮೆಯ ಹಳೆಯ ರಿಯಾಯಿತಿ ಯಥಾಪ್ರಕಾರ. ಶಿರೋಡಕರ್ ಅದನ್ನು ಓದುವಾಗ ನನ್ನ ಹೆಸರು ಹೇಳದೆ ಫ್ಲಾಟ್ ನಂಬರನ್ನಷ್ಟೇ ಹೇಳಿದರು. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದ್ದೆ.

ಕುರ್ಚಿ ಎತ್ತಿದ ಮೇಲೆ ನೀಲವ್ವನ ಹತ್ತಿರ ಹೋದೆ. ಮೊದಲಿನಿಂದಲೂ ಗೊತ್ತಿತ್ತೇ ಎಂದು ಕೇಳಿದೆ.

"ಗೊತ್ತಿರಲಾರದ ಏನ್ರಿ? ನಾ ದಿನಾ ನಿಮ್ಮ ಬಕೆಟ್ಟಿನ ಸಿಪ್ಪಿ ಆರಿಸಿ ಬ್ಯಾರೆ ತಗದು ಬಿಸಲಿಗೆ ಹಾಕತಿದ್ದೆ. ಸಂಜಿಕೆ ಹೊಗಿ ಹಾಕಿದ್ರ ನಮ್ಮ ಮನ್ಯಾಗ ಒಂದು ಸೊಳ್ಳಿ ಬರ್ತಿದ್ದಿಲ್ಲ." ಲಾಡು ನನ್ನ ಕೈಗಿಟ್ಟಳು. "ದಿನಾ ನಲವತ್ತು ಮೋಸಂಬಿ ತಿನ್ನೋ ಮನಷ್ಯಾನ ಮಾರಿ ಹಿಂಗ ಒಣಗಿರ್ತೈತೇನ್ರಿ ಸರ?"

ಹಾಗಾದರೆ ಹೇಳಬಾರದಿತ್ತೇ, ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ ಅಂದೆ.

"ಅದಕ್ಕ ಹೇಳಲಿಲ್ರಿ," ಅಂದಳು. ಪೊರಕೆ ತೆಗೆದುಕೊಂಡು ಪಾರ್ಕಿಂಗ್ ಗುಡಿಸತೊಡಗಿದಳು.

ತೊಟ್ಟಿಯಿಂದ ಸಿಪ್ಪೆ ತೆಗೆದು ಒಣ ಎಲೆ ತುಂಬಿದರು. ಹುಳಗಳು ಮತ್ತೆ ಬಂದವು. ಬುಧವಾರಗಳಂದು ನಾನು ಇಳಿಯುತ್ತೇನೆ. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಸಿಗರೇಟು ಬಿಟ್ಟವನನ್ನು ಮಾತಾಡಿಸುವ ಹಾಗೆ. ಚೆನ್ನಾಗಿದ್ದೀರಾ ಅನ್ನುತ್ತಾರೆ. ಚೆನ್ನಾಗಿದ್ದೇನೆ ಅನ್ನುತ್ತೇನೆ. ಮಾತಿಗೆ ಅಲ್ಲಿಂದ ಮುಂದೆ ದಾರಿಯಿಲ್ಲ. ಇಸ್ವಣದ ಬಗ್ಗೆ ನನ್ನ ಅಭಿಪ್ರಾಯ ಈಗ ಯಾರೂ ಕೇಳುವುದಿಲ್ಲ. ಖಾನಾವಳಿಯ ಡಬ್ಬಿಯವನು ಬಾಗಿಲಲ್ಲಿ ಇಟ್ಟು ಬೆಲ್ ಒತ್ತಿ ಹೋಗುತ್ತಾನೆ. ನಾನು ತೆರೆಯುವಷ್ಟರಲ್ಲಿ ಲಿಫ್ಟು ಕೆಳಗಿಳಿದಿರುತ್ತದೆ.

ಕಳೆದ ವಾರ ಮೊದಲ ತೊಟ್ಟಿಯ ಗೊಬ್ಬರ ತಯಾರಾಯಿತು. ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ನೆಲದ ವಾಸನೆ. ಯಾರು ಎಷ್ಟು ಕಸ ಕೊಟ್ಟರೋ ಅವರಿಗೆ ಅಷ್ಟು ಪಾಲು ಎಂದು ಶಿರೋಡಕರ್ ಲೆಕ್ಕ ಹಾಕಿದರು. ಜನ ಬಕೆಟ್‌ನಲ್ಲಿ, ಟಬ್ಬಿನಲ್ಲಿ ತುಂಬಿಸಿಕೊಂಡು ಹೋದರು. ನೀಲವ್ವ ಅಳೆದು ಹಾಕುತ್ತಿದ್ದಳು.

ನನ್ನ ಪಾಲಿಗೆ ಒಂದು ಲೋಟ ಗೊಬ್ಬರ ಬಂತು. ಮನೆಯಲ್ಲಿ ಗಿಡವಿಲ್ಲ.